ಅಕ್ರಿಲಿಕ್ ಪೋರಿಂಗ್: ಕೆಲಸವೆಲ್ಲ ಕಪ್ಪಿನಲ್ಲೇ

ತೆಳ್ಳಗೆ ಕಲಸಿದ ಅಕ್ರಿಲಿಕ್ ಬಣ್ಣವನ್ನು ಹಲಗೆಯ ಮೇಲೆ ಸುರಿದು ಚಿತ್ರ ಮಾಡುವುದೇ ಪೋರಿಂಗ್. ಅದರ ವಿಡಿಯೊಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಕಪ್ ಮಗುಚುವ ಆ ಕೆಲವು ಸೆಕೆಂಡುಗಳು. ಬಣ್ಣ ತಾನಾಗಿ ಹರಡುತ್ತದೆ, ಕೋಶಗಳು (ಒಂದು ಬಣ್ಣದ ನಡುವೆ ಇನ್ನೊಂದು ಮೂಡಿ ಆಗುವ ಗುಂಡನೆಯ ಕಣ್ಣುಗಳು) ಒಂದೊಂದಾಗಿ ತೆರೆದುಕೊಳ್ಳುತ್ತವೆ, ನೋಡಿದವರಿಗೆ ಇದೆಲ್ಲ ಅದೃಷ್ಟ ಅನ್ನಿಸುತ್ತದೆ. ಆದರೆ ಅಷ್ಟು ಹೊತ್ತಿಗೆ ಚಿತ್ರದ ಹಣೆಬರಹ ಬಹುಪಾಲು ಬರೆದಾಗಿರುತ್ತದೆ. ಬಣ್ಣ ಎಷ್ಟು ಗಟ್ಟಿ, ಯಾವುದು ಯಾವುದಕ್ಕಿಂತ ಭಾರ, ಹಲಗೆ ಎಷ್ಟು ಸಮತಟ್ಟು ಎಂಬ ಮೂರೂ ಸುರಿಯುವ ಮೊದಲೇ ತೀರ್ಮಾನವಾಗಬೇಕು.

ಮೊದಲು ಮಿಶ್ರಣ. ಒಂದು ಪಾಲು ಅಕ್ರಿಲಿಕ್ ಬಣ್ಣಕ್ಕೆ ಎರಡು ಪಾಲು ಪೋರಿಂಗ್ ಮೀಡಿಯಂ (ಬಣ್ಣ ಸಲೀಸಾಗಿ ಹರಿಯಲು ಬೆರೆಸುವ ದ್ರವ) ಹಾಕಿ ಶುರುಮಾಡಿ. ಟ್ಯೂಬಿನ ಗಟ್ಟಿ ಬಣ್ಣವಾದರೆ ಎರಡು ಚಮಚ ಮೀಡಿಯಂ ಮಾತ್ರ ಹಾಕಿ, ಗಂಟಿಲ್ಲದಂತೆ ಕಲಸಿಕೊಂಡ ಮೇಲೆ ಉಳಿದದ್ದನ್ನು ಸೇರಿಸಬೇಕು. ಒಂದೇ ಸಲ ಸುರಿದರೆ ತಳದಲ್ಲಿ ಉಂಡೆ ಉಳಿದು, ಸುರಿಯುವಾಗ ಗೆರೆಯಾಗಿ ಎದ್ದು ಕಾಣುತ್ತದೆ. ಲಿಕ್ವಿಟೆಕ್ಸ್‌ನಂಥ ಸಿದ್ಧ ಮೀಡಿಯಂ ಒಣಗಿದ ಮೇಲೂ ಹೊಳಪು ಉಳಿಸಿಕೊಳ್ಳುತ್ತದೆ. ಮೀಡಿಯಂ ಆಗಿ ಬಳಸುವ ಫ್ಲೋಟ್ರಾಲ್ ಮೂಲತಃ ಗೋಡೆಯ ಬಣ್ಣದಲ್ಲಿ ಬ್ರಷ್ ಗೆರೆ ಕಾಣದಿರಲಿ ಎಂದು ಬೆರೆಸುವ ದ್ರವ. ಅದು ಮಂಕಾಗಿ ಒಣಗುತ್ತದೆ, ಡಬ್ಬಿಯಲ್ಲಿ ಗಂಟು ಕಟ್ಟಿರುವುದೂ ಉಂಟು. ಆದ್ದರಿಂದ ಸೋಸಿಯೇ ಬಳಸಬೇಕು. ಹಳೆಯ ನೈಲಾನ್ ಕಾಲುಚೀಲ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೀಡಿಯಂ ಬದಲು ಬಿಳಿ ಪಿವಿಎ ಅಂಟು ಕಲಿಕೆಗೆ ಸಾಕು, ಗೋಡೆಗೆ ತೂಗುಹಾಕುವ ಕೆಲಸಕ್ಕೆ ಬೇಡ. ಎಷ್ಟೋ ಅಂಟುಗಳು ವರ್ಷ ಕಳೆದಂತೆ ಹಳದಿಯಾಗುತ್ತವೆ, ತೇವ ತಗುಲಿದರೆ ಮೆತ್ತಗಾಗುತ್ತವೆ.

ನೀರನ್ನು ಕೊನೆಗೆ, ಹನಿಹನಿಯಾಗಿ ಹಾಕಿ. ಅಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಪಾಲಿಮರ್ ಕಣಗಳು. ನೀರು ಆರಿದಂತೆ ಆ ಕಣಗಳು ಹತ್ತಿರ ಬಂದು ಬೆಸೆದುಕೊಂಡು ಪೊರೆಯಾಗುತ್ತವೆ. ನೀರು ಮಿತಿಮೀರಿದರೆ ಕಣಗಳು ಚದುರಿ ಪೊರೆ ದುರ್ಬಲವಾಗುತ್ತದೆ. ಬಣ್ಣ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ. ಇನ್ನೂ ತೆಳ್ಳಗಾಗಬೇಕು ಅನ್ನಿಸಿದಾಗ ನೀರಿನ ಬದಲು ಮೀಡಿಯಂ ಹಾಕುವುದೇ ಸರಿ.

ಹದ ಗೊತ್ತಾಗುವುದು ಕಡ್ಡಿಯಲ್ಲಿ. ಕಲಸಿದ ಕಡ್ಡಿಯನ್ನು ಕಪ್ಪಿನಿಂದ ನಾಲ್ಕು ಬೆರಳಿನಷ್ಟು ಮೇಲಕ್ಕೆತ್ತಿ ಹಿಡಿಯಿರಿ. ಬಣ್ಣ ಕಡಿಯದೆ ನೂಲಿನಂತೆ ಇಳಿಯಬೇಕು. ಬಿದ್ದಲ್ಲಿ ಪುಟ್ಟ ದಿಬ್ಬವೊಂದು ಎದ್ದು, ಒಂದೆರಡು ಸೆಕೆಂಡು ನಿಂತು, ಮೆಲ್ಲಗೆ ಕರಗಿ ಮಾಯವಾಗಬೇಕು. ದಿಬ್ಬವೇ ಏಳದೆ ನೂಲು ಒಳಗೆ ಗುಳಿ ಕೊರೆದರೆ ಬಣ್ಣ ತೆಳು. ದಿಬ್ಬ ಕೂತಲ್ಲೇ ಕೂತರೆ ಗಟ್ಟಿ. ಹದ ಯಾವುದೇ ಇರಲಿ, ಎಲ್ಲ ಕಪ್ಪುಗಳಲ್ಲೂ ಒಂದೇ ಇರಬೇಕು ಎಂಬುದು ಇದಕ್ಕಿಂತ ಮುಖ್ಯ. ಒಂದು ಬಣ್ಣ ಮಾತ್ರ ಗಟ್ಟಿಯಿದ್ದರೆ ಅದು ಹರಿಯದೆ ಮುದ್ದೆಯಾಗಿ ಕೂರುತ್ತದೆ, ತೆಳುವಾದದ್ದು ಅದರ ಸುತ್ತ ಓಡಿ ಹಲಗೆಯ ಅಂಚಿನಿಂದ ಇಳಿದುಹೋಗುತ್ತದೆ. ಕಲಸುವಾಗ ಕಡ್ಡಿಯನ್ನು ತಳಕ್ಕೆ ತಾಗಿಸಿಕೊಂಡೇ ನಿಧಾನಕ್ಕೆ ತಿರುಗಿಸಿ. ಆಮೇಲೆ ಮುಚ್ಚಿ ಕನಿಷ್ಠ ಅರ್ಧ ಗಂಟೆ ಬಿಟ್ಟರೆ ಗಾಳಿಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ.

ಈಗ ಭಾರದ ವಿಚಾರ. ಟೈಟಾನಿಯಂ ಬಿಳಿಯ ವರ್ಣದ್ರವ್ಯ ನೀರಿಗಿಂತ ಸುಮಾರು 4 ಪಟ್ಟು ಸಾಂದ್ರ. ಕಾರ್ಬನ್ ಕಪ್ಪು 2 ಪಟ್ಟನ್ನೂ ಮುಟ್ಟುವುದಿಲ್ಲ. ಭಾರದ ಬಣ್ಣ ಹಗುರ ಬಣ್ಣದ ಮೇಲೆ ಬಿದ್ದಾಗ ಕೆಳಗಿಳಿಯಲು ನೋಡುತ್ತದೆ, ಹಗುರವಾದದ್ದು ಅದನ್ನು ಸೀಳಿಕೊಂಡು ಮೇಲೇಳುತ್ತದೆ. ಕೋಶ ಹುಟ್ಟುವುದು ಹೀಗೆ. ಭೌತವಿಜ್ಞಾನದಲ್ಲಿ ಇದನ್ನು ರೇಲೀ–ಟೇಲರ್ ಅಸ್ಥಿರತೆ ಎನ್ನುತ್ತಾರೆ. ಮೆಕ್ಸಿಕೊದ ಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೋಸ್ 1936ರಲ್ಲಿ ನ್ಯೂಯಾರ್ಕ್‌ನ ತಮ್ಮ ಕಾರ್ಯಾಗಾರದಲ್ಲಿ ಬಣ್ಣದ ಮೇಲೆ ಬಣ್ಣ ಸುರಿದು ಇಂಥ ವಿನ್ಯಾಸಗಳನ್ನು ತೆಗೆದಿದ್ದರು. ಆಗ ಬಳಸಿದ್ದು ಅಕ್ರಿಲಿಕ್ ಅಲ್ಲ, ಕೈಗಾರಿಕೆಯ ಮೆರುಗುಬಣ್ಣ. ಅದರ ಹಿಂದಿರುವುದು ಇದೇ ಅಸ್ಥಿರತೆ ಎಂದು ಮೆಕ್ಸಿಕೊದ ಸಂಶೋಧಕರು ಪ್ರಯೋಗ ಮಾಡಿ 2015ರಲ್ಲಿ ತೋರಿಸಿದರು.

ನಿಮ್ಮ ಬಣ್ಣಗಳಲ್ಲಿ ಯಾವುದು ಭಾರ ಎಂದು ಊಹಿಸುತ್ತ ಕೂರಬೇಕಿಲ್ಲ. ಕಲಸಿದ ಮೇಲೆ ಪ್ರತಿಯೊಂದನ್ನೂ 50 ಮಿ.ಲೀ. ಅಳೆದು ಚಿಕ್ಕ ತಕ್ಕಡಿಯಲ್ಲಿಟ್ಟರೆ ಗ್ರಾಂ ಲೆಕ್ಕವೇ ಹೇಳುತ್ತದೆ. ಈ ಚಿಕ್ಕ ಶ್ರಮಕ್ಕೆ ಸಿಗುವ ಫಲ ದೊಡ್ಡದು. ಯಾವ ಬಣ್ಣ ಯಾವುದರ ಮೇಲೆ ಹೋಗಬೇಕೆಂದು ಗೊತ್ತಿದ್ದರೆ ಕೋಶಕ್ಕೆಂದು ಹಾಕುವ ಸಿಲಿಕೋನ್ ಎಣ್ಣೆ ಇಲ್ಲದೆಯೂ ಕೋಶ ಬರುತ್ತದೆ.

ದೊಡ್ಡ ಕೋಶ ಬೇಕೇಬೇಕೆಂದರೆ 100 ಮಿ.ಲೀ. ಮಿಶ್ರಣಕ್ಕೆ 2–3 ಹನಿ ಸಿಲಿಕೋನ್ ಎಣ್ಣೆ ಸಾಕು. ಅದನ್ನೂ ಒಂದೆರಡು ಬಣ್ಣಕ್ಕೆ ಮಾತ್ರ ಹಾಕಿ, ಎರಡು ಮೂರು ಸುತ್ತು ತಿರುಗಿಸಿ ಬಿಡಿ. ಹೆಚ್ಚು ಕಲಕಿದರೆ ಎಣ್ಣೆ ನುಣ್ಣಗೆ ಒಡೆದು, ಕೋಶಗಳೆಲ್ಲ ಸಾಸಿವೆಯಷ್ಟೇ ಆಗುತ್ತವೆ.

ಕ್ಯಾನ್ವಾಸ್‌ಗಿಂತ ಮರದ ಹಲಗೆ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒದ್ದೆ ಬಣ್ಣದ ಭಾರಕ್ಕೆ ಕ್ಯಾನ್ವಾಸ್ ನಡುವೆ ಜಗ್ಗುತ್ತದೆ, ರಾತ್ರಿಯಿಡೀ ಬಣ್ಣವೆಲ್ಲ ಆ ತಗ್ಗಿಗೆ ಜಾರುತ್ತದೆ. ಕ್ಯಾನ್ವಾಸನ್ನೇ ಬಳಸುವುದಾದರೆ ಹಿಂಬದಿಯ ಚೌಕಟ್ಟಿನೊಳಗೆ ರಟ್ಟು ಕತ್ತರಿಸಿ ಆನಿಸಿಡಿ. ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಅಡಿಲೇಪ) ಹಚ್ಚಿ ಒಣಗಿಸಿ, ಹಿಂಬದಿಯ ನಾಲ್ಕು ಮೂಲೆಗೆ ಪುಷ್ ಪಿನ್ ಚುಚ್ಚಿ ಎತ್ತರಿಸಿ, ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ.

30×30 ಸೆಂ.ಮೀ. ಹಲಗೆಗೆ ಅಂಚುಗಳೂ ಸೇರಿ 150 ಮಿ.ಲೀ. ಆಸುಪಾಸು ಬೇಕು. ಹಲಗೆಯ ಮೇಲೆ ಮೊದಲು ತೆಳ್ಳಗೆ ಒಂದು ಬಣ್ಣ ಸವರಿದರೆ ಉಳಿದವು ಸಲೀಸಾಗಿ ಜಾರುತ್ತವೆ. ಫ್ಲಿಪ್ ಕಪ್ ವಿಧಾನದಲ್ಲಿ ಬಣ್ಣಗಳನ್ನು ಒಂದೇ ಕಪ್ಪಿಗೆ ಪದರ ಪದರವಾಗಿ ಸುರಿದು, ಹಲಗೆಯ ಮೇಲೆ ಮಗುಚಿಟ್ಟು, ಒಂದು ನಿಮಿಷ ಬಿಟ್ಟು ಎತ್ತಬೇಕು. ಮರದ ಉಂಗುರಗಳಂಥ ಗೆರೆ ಬೇಕಿದ್ದರೆ ಕಪ್ಪನ್ನು ಕೆಳಗೇ ಹಿಡಿದು, ಚಿಕ್ಕ ವೃತ್ತದಲ್ಲಿ ತಿರುಗಿಸುತ್ತ, ಧಾರೆ ಕಡಿಯದಂತೆ ಸುರಿಯಿರಿ. ಡಚ್ ಪೋರ್‌ನಲ್ಲಿ ಹೇರ್ ಡ್ರೈಯರ್‌ನ ತಣ್ಣನೆಯ ಗಾಳಿಯಿಂದ ಬಣ್ಣವನ್ನು ಊದಿ ದಳಗಳಂತೆ ಹರಡುತ್ತಾರೆ. ಅದಕ್ಕೆ ಮಿಶ್ರಣ ತುಸು ತೆಳು ಇರಲಿ.

ಬಣ್ಣ ಹರಡಲು ಹಲಗೆಯನ್ನು ಓಲಿಸುವಾಗ ಅವಸರ ಬೇಡ. ಒಂದು ಮೂಲೆ ತುಂಬುವವರೆಗೆ ಓಲಿಸಿ, ಬಣ್ಣವನ್ನು ಮತ್ತೆ ನಡುವಿಗೆ ತಂದು, ಆಮೇಲೆ ಮುಂದಿನ ಮೂಲೆಗೆ ಹೋಗಿ. ನಾಲ್ಕೂ ಮೂಲೆ ಮುಚ್ಚಿದ ಮೇಲೂ ಓಲಿಸುತ್ತಲೇ ಇದ್ದರೆ ಕೋಶಗಳು ಹಿಗ್ಗಿ ಗೆರೆಗಳಾಗುತ್ತವೆ, ಕಿತ್ತಳೆ–ನೀಲಿಯಂಥ ಎದುರುಬಣ್ಣಗಳು ಬೆರೆತು ಕೆಸರಾಗುತ್ತದೆ. ಅಂಥ ಜೋಡಿಯ ನಡುವೆ ಬಿಳಿ ಅಥವಾ ಕಪ್ಪು ಬಣ್ಣದ ಪದರ ಇಟ್ಟರೆ ಕೆಸರು ತಪ್ಪುತ್ತದೆ. ಉಳಿದ ಗುಳ್ಳೆ ಒಡೆಯಲು ಗ್ಯಾಸ್ ಟಾರ್ಚ್ ಹಿಡಿಯುವುದಾದರೆ 15 ಸೆಂ.ಮೀ. ದೂರದಿಂದ, ಎಲ್ಲೂ ನಿಲ್ಲಿಸದೆ ಆಡಿಸಿ. ಪಕ್ಕದಲ್ಲಿ ಸ್ಪಿರಿಟ್, ಕಾಗದ ಇರಬಾರದು. ಒಂದೇ ಕಡೆ ಬಿಸಿ ತಗುಲಿದರೆ ಮೇಲೆ ಕೆನೆಗಟ್ಟುತ್ತದೆ. ಮುಂದಿನ ತೊಂದರೆಗೆ ಅದೇ ಬೀಜ.

ಆ ತೊಂದರೆ ಎಂದರೆ ಬಿರುಕು. ಸುರಿದ ದಿನ ಕನ್ನಡಿಯಂತಿದ್ದ ಮೇಲ್ಮೈ ಮರುದಿನ ಒಣಕೆರೆಯ ನೆಲದಂತೆ ಸೀಳಿರುತ್ತದೆ. ಮೇಲಿನ ಪೊರೆ ಬೇಗ ಒಣಗಿ ಬಿಗಿಯಾಗುತ್ತದೆ, ಅಡಿಯ ಬಣ್ಣ ಇನ್ನೂ ಒದ್ದೆ. ಅಡಿಯದು ನೀರು ಕಳೆದುಕೊಂಡು ಕುಗ್ಗುತ್ತ ಮೇಲಿನದನ್ನು ಎಳೆದಾಗ ಪೊರೆ ಸೀಳುತ್ತದೆ. ದಪ್ಪಗೆ ನಿಂತ ಬಣ್ಣ, ಹೆಚ್ಚು ನೀರು, ಫ್ಯಾನ್ ಗಾಳಿ, ಬಿಸಿಲು ಎಲ್ಲವೂ ಇದಕ್ಕೆ ದಾರಿ. ಆದ್ದರಿಂದ ಹೆಚ್ಚಾದ ಬಣ್ಣವನ್ನು ಅಂಚಿನಿಂದ ಇಳಿಯಲು ಬಿಡಿ, ಮೊದಲ ಒಂದು ಗಂಟೆ ಅಡಿಯಂಚಿನ ಹನಿಗಳನ್ನು ಆಗಾಗ ಒರೆಸಿ. ಧೂಳು ಬೀಳದಂತೆ ರಟ್ಟಿನ ಪೆಟ್ಟಿಗೆ ಕವುಚಿ, ಗಾಳಿಯಾಡಲು ಒಂದು ಬದಿಯನ್ನು ತುಸು ಎತ್ತಿಡಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. 10ಕ್ಕಿಂತ ಕೆಳಗಿಳಿದರೆ ಪಾಲಿಮರ್ ಕಣಗಳು ಸರಿಯಾಗಿ ಬೆಸೆಯುವುದಿಲ್ಲ. ಮುಟ್ಟಿದರೆ ಅಂಟದ ಮಟ್ಟಿಗೆ ಒಣಗಲು 1ರಿಂದ 3 ದಿನ. ಹಾಲಿನಂತಿದ್ದ ಪಾಲಿಮರ್ ಒಣಗುತ್ತ ಪಾರದರ್ಶಕವಾಗುವುದರಿಂದ ಬಣ್ಣಗಳು ಸುರಿದಾಗಿನದಕ್ಕಿಂತ ಗಾಢವಾಗಿ ಕಾಣುತ್ತವೆ. ಇದನ್ನು ಕಪ್ಪಿನಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ವಾರ್ನಿಷ್‌ಗೆ ಮೂರು ನಾಲ್ಕು ವಾರ ಕಾಯಬೇಕು. ಸಿಲಿಕೋನ್ ಹಾಕಿದ್ದರೆ ಮೇಲೆ ಉಳಿದ ಎಣ್ಣೆಯನ್ನು ಸೋಪುನೀರಿನ ಮೆತ್ತನೆಯ ಬಟ್ಟೆಯಿಂದ ಎರಡು ಸಲ ಒರೆಸಿ, ಶುದ್ಧ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಎಣ್ಣೆ ಉಳಿದಲ್ಲೆಲ್ಲ ವಾರ್ನಿಷ್ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡನೆಯ ಗುಳಿ ಬಿಡುತ್ತದೆ.

ಮಿಕ್ಕ ಬಣ್ಣವನ್ನು ಸಿಂಕಿಗೆ ಸುರಿಯಬೇಡಿ; ಕೊಳವೆಯೊಳಗೂ ಅದು ಪ್ಲಾಸ್ಟಿಕ್ ಪೊರೆಯೇ ಆಗುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ ಒಣಗಲು ಬಿಟ್ಟರೆ ಒಂದೆರಡು ದಿನದಲ್ಲಿ ಇಡೀ ಪೊರೆ ಸುಲಿದುಬರುತ್ತದೆ. ಅದನ್ನು ಕತ್ತರಿಸಿ ಕೊಲಾಜ್‌ಗೆ ಅಂಟಿಸಬಹುದು. ಎಷ್ಟೋ ಸಲ ಹಲಗೆಯ ಮೇಲಿನದಕ್ಕಿಂತ ಒಳ್ಳೆಯ ಕೋಶಗಳು ಆ ಹಾಳೆಯ ಮೇಲೇ ಸಿಗುತ್ತವೆ.