ತಂಗಿಯ ಕುಬಸಕ್ಕೆ ಒಂದು ದಿನ ರಜೆ

ಅರ್ಜಿಯಲ್ಲಿ ನಾನು ಬರೆದದ್ದು ಇಷ್ಟೇ: "ನನ್ನ ತಂಗಿಯ ಕುಬಸ ಇರುವುದರಿಂದ ಶುಕ್ರವಾರ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ನಮ್ಮ ಸಾಹೇಬರು ಮೈಸೂರು ಕಡೆಯಿಂದ ವರ್ಗವಾಗಿ ಹುಬ್ಬಳ್ಳಿಗೆ ಬಂದು ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಏನ್ರೀ ಇದು? ತಂಗಿಗೆ ಬ್ಲೌಸ್ ಹೊಲಿಸೋಕೆ ಅಣ್ಣ ರಜ ಹಾಕ್ಬೇಕಾ?"

ಸೆಕ್ಷನ್‌ಗೆ ಸೆಕ್ಷನ್ನೇ ನಕ್ಕಿತು. ಗದಗಿನವರೂ ನಕ್ಕರು, ಅದೇ ನನಗೆ ಸಿಟ್ಟು ಬಂದದ್ದು. ಅವರ ಮನೆಯ ಕುಬಸದಲ್ಲಿ ನಾನೇ ಕೂತು ಶೇಂಗಾ ಹೋಳಿಗೆ ಹೊಡೆದು ಬಂದಿದ್ದೆ.

"ಸರ್ರ, ಸೀಮಂತ ರೀ. ನಮ್ಮ ಕಡೆ ಕುಬಸ ಅಂತೀವಿ."

"ಹಾಗಂತ ಬರೀರಿ ಮತ್ತೆ."

ಕುಬಸಕ್ಕೆ ಅಡ್ಡಗೆರೆ ಎಳೆದು ಮೇಲೆ ಸೀಮಂತ ಅಂತ ಬರೆದೆ. ರಜೆ ಸಿಕ್ಕಿತು. ಆದರೆ ಅವರು ಹೇಳಿದ್ದು ತಪ್ಪೇನೂ ಅಲ್ಲ ಅಲ್ವಾ? ಕುಬಸ ಅಂದರೆ ಬ್ಲೌಸೇ. ಸಂಸ್ಕೃತದ ಕೂರ್ಪಾಸ ಕನ್ನಡಕ್ಕೆ ಬಂದು ಕುಪ್ಪಸ ಆಯ್ತು, ಕುಪ್ಪಸ ನಮ್ಮ ಬಾಯಲ್ಲಿ ಕುಬಸ ಆಯ್ತು. ಅವರ ಕಡೆ ಅದನ್ನ ರವಿಕೆ ಅಂತಾರೆ, ಕುಪ್ಪಸ ಏನಿದ್ದರೂ ಪುಸ್ತಕದಲ್ಲಿ. ನಮ್ಮ ಕಡೆಯಾದರೂ ತೊಡೋ ಬಟ್ಟೆಗೆ ಈಗ ಯಾರು ಕುಬಸ ಅಂತಾರೆ? ನನ್ನ ಅವ್ವ ಜಂಪರ್ ಅಂತಾಳೆ, ತಂಗಿ ಬ್ಲೌಸ್ ಅಂತಾಳೆ. ಬಟ್ಟೆಯ ಹೆಸರು ಹೋಗಿ ಕಾರ್ಯದ ಹೆಸರಷ್ಟೇ ಉಳಿದಿದೆ. ಇದು ನನಗೆ ಹೊಳೆದದ್ದು ಬೈಸಿಕೊಂಡ ಮೇಲೆ.

ಅದೇ ದಿನ ಸಂಜೆ ಜವಳಿ ಸಾಲಿಗೆ ಹೋದೆ. ಐದು ತಿಂಗಳಿಗೆ ಕಳ್ಳ ಕುಬಸ ಆಗಿತ್ತು, ಮನೆಮಂದಿಯಷ್ಟೇ ಸೇರಿ ಸದ್ದಿಲ್ಲದೆ ಮಾಡೋದು ಅದು. ಇದು ಏಳು ತಿಂಗಳದ್ದು, ದೊಡ್ಡದು. ಸೀರೆ ಅವ್ವ ಆಗಲೇ ಗದಗಿನಲ್ಲಿ ತಂದಿಟ್ಟಿದ್ದಳು, ಖಣ ತರೋದು ನನ್ನ ಪಾಲಿಗೆ ಬಂದಿತ್ತು. ಅಂಗಡಿಯವರಿಗೆ "ಕುಬಸಕ್ಕ ಖಣ ಬೇಕಾಗಿತ್ತರೀ" ಅಂದೆ ಅಷ್ಟೇ, ಬ್ಲೌಸಾ ಸೀಮಂತನಾ ಅಂತ ಒಂದು ಮಾತು ಕೇಳಲಿಲ್ಲ, ಸೀದಾ ಹಸಿರು ಖಣದ ಗಂಟು ಬಿಚ್ಚಿದರು. ಆಮೇಲೆ ಕೇಳಿದ್ದು ಬೇರೆ: "ಬಸುರಿಗೆ ಖಣ ಸೈ. ಬಂದ ಮುತ್ತೈದೇರಿಗೆ ಜಂಪರ್ ಪೀಸ್ ಎಷ್ಟು ಕಟ್ಟಲಿ?"

ಈ ವ್ಯತ್ಯಾಸ ಗೊತ್ತಿಲ್ಲದವರಿಗೆ ಹೇಳ್ತೀನಿ. ಖಣ ಅಂದರೆ ಗುಳೇದಗುಡ್ಡದ್ದು, ಬಾಗಲಕೋಟೆ ಜಿಲ್ಲೆಯ ಕೈಮಗ್ಗದಲ್ಲಿ ಕುಬಸಕ್ಕೆ ಅಂತಲೇ ನೇಯೋದು, ಅಂಚಿಗೆ ದಡಿ, ಮೈತುಂಬ ಸಣ್ಣ ಹೆಣಿಕೆ, ಒಂದರಲ್ಲಿ ತೇರು ಇದ್ದರೆ ಇನ್ನೊಂದರಲ್ಲಿ ಸೂಜಿ ಮಲ್ಲಿಗೆ. ಮೂರು ಮೂಲೆ ಬರೋ ಹಾಗೆ ಮಡಚಿ ಕೊಡ್ತಾರೆ. ಜಂಪರ್ ಪೀಸ್ ಅಂದರೆ ಯಾರೂ ಎಂದೂ ಹೊಲಿಸದ ಬಟ್ಟೆ. ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಇನ್ನೊಂದು ಮನೆಗೆ ಸುತ್ತುತ್ತಾ ಇರುತ್ತೆ. ಬೆಲೆ ಬರೆದ ಪೆನ್ನಿನ ಗುರುತಿದ್ದ ಗುಲಾಬಿ ಪೀಸೊಂದು ನಾವು ಕೊಟ್ಟ ವರ್ಷದೊಳಗೆ ನಮ್ಮ ಟ್ರಂಕಿಗೇ ವಾಪಸ್ ಬಂದದ್ದು ಉಂಟು.

ಶುಕ್ರವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಹಾವೇರಿಗೆ, ತಂಗಿಯ ಮನೆಗೆ ಹೋದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಮೊಸರು ಬುತ್ತಿ, ಕರ್ಚಿಕಾಯಿ, ಮತ್ತೆ ಶೇಂಗಾ ಹೋಳಿಗೆ. ತಂಗಿ ಒಳಗಿನ ಕೋಣೆಯಿಂದ ಹೊರಗೇ ಬರವಲ್ಲಳು. ಏನಾಯ್ತು ಅಂದರೆ, ತಿಂಗಳ ಹಿಂದೆ ಅಳತೆ ಕೊಟ್ಟು ಕಸೂತಿ ಹಾಕಿಸಿ ಹೊಲಿಸಿದ ಬ್ಲೌಸು ಈಗ ಹುಕ್ಕಿಗೆ ಹುಕ್ಕು ಕೂಡುತ್ತಿರಲಿಲ್ಲ. ಪುಣ್ಯಕ್ಕೆ ಟೇಲರ್ ಒಳಗೆ ಎರಡು ಹೊಲಿಗೆ ಬಿಟ್ಟಿದ್ದ. ಅವ್ವ ಬ್ಲೇಡು ತಗೊಂಡು ಒಂದು ಹೊಲಿಗೆ ಬಿಚ್ಚಿದಳು, ಸಾಲಲಿಲ್ಲ, ಇನ್ನೊಂದನ್ನೂ ಬಿಚ್ಚಿದಳು. ಹೊರಗೆ ಸೋಬಾನೆ ಹೇಳೋರು ಎರಡನೇ ಹಾಡಿಗೆ ಬಂದಿದ್ದರು.

ಮೂಲೆಯಲ್ಲಿ ಕೂತಿದ್ದ ಆಯಿ, ಅವ್ವನ ಅವ್ವ, ಇದನ್ನೆಲ್ಲ ನೋಡಿ ನಕ್ಕಳು. ಅವಳು ತೊಟ್ಟಿದ್ದು ಗಂಟಿನ ಕುಬಸ. ಗುಂಡಿ ಇಲ್ಲ, ಹುಕ್ಕಿಲ್ಲ, ಮುಂದೆ ಎರಡು ತುದಿ ಸೇರಿಸಿ ಎದೆಯ ಕೆಳಗೆ ಒಂದು ಗಂಟು. ತೋಳಿನ ಕೊನೆಗೆ ಬರೋ ಹಾಗೆ ಖಣದ ದಡಿಯನ್ನೇ ಹಚ್ಚಿ ಹೊಲಿದದ್ದು, ತೊಳೆದು ತೊಳೆದು ದಡಿಯ ಕೆಂಪು ಇಟ್ಟಂಗಿ ಬಣ್ಣಕ್ಕೆ ಬಂದಿತ್ತು.

"ನಮ್ಮ ಕಾಲಕ್ಕ ಈ ತ್ರಾಸ ಎಲ್ಲಿತ್ತು? ಗಂಟು ಸಡಲ ಮಾಡಿದ್ರ ಮುಗೀತು. ಕೂಸು ಬಂದ ಮ್ಯಾಲೆ ಕುಡಿಸಾಕೂ ಸಲೀಸು."

"ಮತ್ತ ಕುಬಸ ಅಂತ ಯಾಕ ಅಂತಾರ ಆಯಿ ಈ ಕಾರ್ಯಕ್ಕ?" ಅಂತ ಕೇಳಿದೆ. ಅರ್ಜಿ ಇನ್ನೂ ತಲೆಯಲ್ಲೇ ಇತ್ತು.

"ಬಸುರಿ ಮೈ ತುಂಬ್ತದ, ಹಳೇವು ಬಿಗೀತಾವ. ಹೊಸಾವು ತರಾಕ ತವರಿನವ್ರು ಬರಬೇಕಲಾ ತಮ್ಮಾ. ಇಷ್ಟೂ ತಿಳಿಯೂದಿಲ್ಲೇನು?"

ಪಂಡಿತರು ಏನಂತಾರೋ, ನನಗಂತೂ ಇದಕ್ಕಿಂತ ಜಾಸ್ತಿ ಬೇಕಾಗಲಿಲ್ಲ. ತಂಗಿ ಹಸಿರು ಸೀರೆ, ಹಸಿರು ಬಳೆ, ಸೆರಗು ಹೊದ್ದು ಮುಚ್ಚಿದ ಆ ಬ್ಲೌಸಿನಲ್ಲಿ ಬಂದು ಮಣೆ ಮೇಲೆ ಕೂತಳು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಅದರ ಮೇಲೆ ನಾನು ತಂದ ಖಣ. ಅದನ್ನ ಅವಳು ಹೊಲಿಸೋದಿಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಐವತ್ತು ಹೆಂಗಸರು ಸೇರಿದ್ದ ಆ ಕುಬಸದಲ್ಲಿ ಕುಬಸ ತೊಟ್ಟಾಕಿ ಆಯಿ ಒಬ್ಬಾಕೀನೇ.

ಸೋಮವಾರ ಸಾಹೇಬರ ಟೇಬಲ್ ಮೇಲೆ ಒಂದು ಡಬ್ಬಿ ಶೇಂಗಾ ಹೋಳಿಗೆ ಇಟ್ಟು, "ಸರ್ರ, ಕುಬಸದ್ದು ರೀ" ಅಂದೆ. ಊಟದ ಹೊತ್ತಿಗೆ ಡಬ್ಬಿ ಖಾಲಿ.

"ಕುಬಸ ತುಂಬಾ ಚೆನ್ನಾಗಿತ್ತು ಕಣ್ರೀ" ಅಂದರು, "ತುಪ್ಪ ಹಾಕ್ಕೊಂಡು ತಿಂದೆ."

ನಾನು ತಿದ್ದಲು ಹೋಗಲಿಲ್ಲ.