ಶ್ರೀಲಂಕಾಕ್ಕಾಗಿ ಪ್ರಾರ್ಥನೆಯ ಹೊತ್ತಿಗೆ: ಕೆಲಸ ಎಲ್ಲಿಗೆ ಬಂತು

ಶ್ರೀಲಂಕಾಕ್ಕಾಗಿ ಮಾಡುತ್ತಿರುವ ಪ್ರಾರ್ಥನೆಯ ಹೊತ್ತಿಗೆ (ಪುಟ್ಟ ಪುಸ್ತಕ) ಯಾವಾಗ ಕೈಗೆ ಸಿಗುತ್ತದೆ ಎಂದು ಸಭೆಯಲ್ಲಿ ಹಲವರು ಕೇಳುತ್ತಿದ್ದಾರೆ. ಅದಕ್ಕೇ ಇಲ್ಲಿಯವರೆಗೆ ಏನೇನಾಯಿತು ಎಂದು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನಮ್ಮದೊಂದು ಶುಕ್ರವಾರದ ಮನೆಪ್ರಾರ್ಥನೆ ಇದೆ. 2022ರಲ್ಲಿ ಟಿವಿಯಲ್ಲಿ ಶ್ರೀಲಂಕಾದ ಹಣಕಾಸು ಕುಸಿದ ಸುದ್ದಿ ನೋಡಿ ಅಲ್ಲಿನ ಜನರಿಗಾಗಿ ಪ್ರಾರ್ಥನೆ ಶುರುವಾಯಿತು. ಟಿವಿಯಲ್ಲಿ ಸುದ್ದಿ ನಿಂತಿತು, ನಮ್ಮ ಪ್ರಾರ್ಥನೆ ನಿಲ್ಲಲಿಲ್ಲ. ಆಗ ಮಾಡಿದ, ಈಗಲೂ ಮಾಡುತ್ತಿರುವ ಪ್ರಾರ್ಥನೆಗಳನ್ನು ತಿದ್ದಿ 16 ಪುಟದ ಹೊತ್ತಿಗೆ ಮಾಡುತ್ತಿದ್ದೇವೆ. ನಾಲ್ಕು ಎ4 ಹಾಳೆ, ನಡುವೆ ಮಡಿಕೆ, ಎರಡು ಪಿನ್. ನಾಳೆ ಬೇರೆ ಯಾವ ದೇಶ ಹೀಗೆ ಕುಸಿದರೂ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು ಅನ್ನುವುದು ನನ್ನ ಆಸೆ.

ಶ್ರೀಲಂಕಾವೇ ಯಾಕೆ

ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿ.ಎಸ್.ಐ. ಹುಟ್ಟಿದಾಗಲೇ ಜಾಫ್ನಾ ಅದರೊಳಗಿತ್ತು. ಈಗಲೂ ಇದೆ. ಅಂದರೆ ಶ್ರೀಲಂಕಾದ ಉತ್ತರ ತುದಿಯಲ್ಲಿ ಆರಾಧನೆಗೆ ಕೂಡುವವರು ನಮ್ಮ ಸಭೆಯ ಮನೆಯವರೇ. ಕೂಟದಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಪ್ರಾರ್ಥನೆಯ ದನಿಯೇ ಬದಲಾಯಿತು.

ಎರಡನೆಯ ಕಾರಣ ನಮ್ಮ ಊರಿನದೇ. ಬಾಸೆಲ್ ಮಿಷನ್‌ನವರು ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. 1855ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಮಿಷನ್ನಿಗಾಗಿ ಒಂದು ಕಾಣಿಕೆ ಶುರುವಾಯಿತು. ಅದರ ಹೆಸರು ಅರ್ಧ ಬಾಟ್ಸೆನ್ ಕಾಣಿಕೆ. ವಾರಕ್ಕೊಮ್ಮೆ ಮನೆಮನೆಯಿಂದ ಅರ್ಧ ಬಾಟ್ಸೆನ್, ಅಂದರೆ ಐದು ರಾಪೆನ್. ಅಲ್ಲಿನ ಬಡವರೂ ಕೊಡಬಹುದಾದ ಚಿಲ್ಲರೆ ಕಾಸು. 1876ರಿಂದ 78ರವರೆಗೆ ಬಿದ್ದ ಧಾತು-ಈಶ್ವರ ಸಂವತ್ಸರದ ಬರದಲ್ಲಿ ನಮ್ಮ ಸೀಮೆ ಬೆಂದುಹೋಯಿತು. ಆಗ ಇದು ಕಲಾದಗಿ ಜಿಲ್ಲೆ. ಅನಾಥರಾದ ಮಕ್ಕಳನ್ನು ಮಿಷನ್ ಸಾಕಿತು. ಗುಳೇದಗುಡ್ಡ ಎಂಬ ಹೆಸರು ಬಾಯಲ್ಲಿ ಹೊರಳದವರು, ಇಲ್ಲಿನ ಜೋಳದ ಹೊಲ ಕಣ್ಣಲ್ಲಿ ಕಾಣದವರು, ನಮಗಾಗಿ ವಾರವಾರ ಕಾಸು ಎತ್ತಿಟ್ಟು ಪ್ರಾರ್ಥಿಸಿದ್ದಾರೆ. ನಾವು ಒಬ್ಬರಿಗಾದರೂ ಹಾಗೆ ಮಾಡಬೇಡವೇ?

ಪುಟ ಹೇಗಿರಬೇಕು

ಮೊದಲು ತೀರ್ಮಾನ ಆದದ್ದು ಇದು. ಪ್ರತಿ ವಿಷಯ ತೆಗೆದಾಗಲೂ ಮೊದಲ ನಾಲ್ಕೈದು ಸಾಲಿನಲ್ಲಿ ಅಲ್ಲಿ ನಡೆದದ್ದೇನು ಎಂಬುದು ಇರಬೇಕು. ಆಮೇಲೆ ವಾಕ್ಯಭಾಗ. ಆಮೇಲೆ ಪ್ರಾರ್ಥನೆ. ನಡೆಸುವವರು ಎರಡು ಮೂರು ಮಾತು ಹೇಳಿದ ಮೇಲೆ ಎಲ್ಲರೂ ಒಂದೇ ಉತ್ತರ ಕೊಡಬೇಕು. ಓದು ಬಾರದ ಅವ್ವಂದಿರು ನಮ್ಮ ಕೂಟದಲ್ಲಿ ಇದ್ದಾರೆ. ಉತ್ತರ ಒಂದೇ ಇದ್ದರೆ ಅವರೂ ಪೂರ್ತಿ ಸೇರುತ್ತಾರೆ. "ಕರ್ತನೇ, ಅವರ ಮೊರೆ ಕೇಳು" ಎಂದು ಇಟ್ಟಿದ್ದೇವೆ.

"ಕರ್ತನೇ, ಶ್ರೀಲಂಕಾವನ್ನು ಆಶೀರ್ವದಿಸು" ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಸಾಕಾಗುವುದಿಲ್ಲ. ಮನೆಯಲ್ಲಿ ಮಗು ಹುಷಾರಿಲ್ಲದಾಗ ನಾವು ಹಾಗೆ ಪ್ರಾರ್ಥಿಸುತ್ತೇವಾ? ಜ್ವರ ಎಷ್ಟಿದೆ, ಊಟ ಸೇರಿತಾ, ರಾತ್ರಿ ನಿದ್ದೆ ಬಂತಾ, ಎಲ್ಲವನ್ನೂ ದೇವರ ಮುಂದೆ ಹೇಳುತ್ತೇವೆ. ಒಂದು ದೇಶಕ್ಕೂ ಅಷ್ಟೇ ವಿವರ ಬೇಕು. ಡೀಸೆಲ್ ಬೇಕಿದ್ದರೆ ಡೀಸೆಲ್ ಎಂದೇ ಹೇಳಬೇಕು.

ಸಾಲದ ಪುಟ

ಇದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಎರಡು ಪುಟ ತುಂಬಿದೆ, ಇರಲಿ ಎಂದು ಬಿಟ್ಟಿದ್ದೇನೆ.

ನಡೆದದ್ದು ಇಷ್ಟು. 2019ರ ಕೊನೆಗೆ ಸರ್ಕಾರ ತೆರಿಗೆಗಳನ್ನು ಒಮ್ಮೆಲೇ ಇಳಿಸಿತು. ಸರಕಿನ ಮೇಲಿನ ತೆರಿಗೆ ವ್ಯಾಟ್ 15ರಿಂದ ಶೇಕಡ 8ಕ್ಕೆ ಬಂತು. ಅದೇ ವರ್ಷದ ಈಸ್ಟರ್ ಭಾನುವಾರದ ಬಾಂಬ್ ದಾಳಿ, ಅದರ ಬೆನ್ನಿಗೇ ಕೊರೊನಾ. ಪ್ರವಾಸಿಗರು ತರುತ್ತಿದ್ದ ಡಾಲರ್ ನಿಂತಿತು. ಹೊರದೇಶದ ಸಾಲ ಸುಮಾರು 5,100 ಕೋಟಿ ಡಾಲರ್ ಇತ್ತು. 2022ರ ಏಪ್ರಿಲ್ 12ರಂದು ಸಾಲ ಕಟ್ಟುವುದನ್ನು ನಿಲ್ಲಿಸುತ್ತೇವೆ ಎಂದು ಸರ್ಕಾರ ಹೇಳಿತು. 1948ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಇದೇ ಮೊದಲು. ಕೈಯಲ್ಲಿ ಬಳಸಬಹುದಾದ ವಿದೇಶಿ ಹಣ 5 ಕೋಟಿ ಡಾಲರಿಗಿಂತ ಕಡಿಮೆ ಎಂದು ಮೇ ತಿಂಗಳಲ್ಲಿ ಅಲ್ಲಿನ ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಿದರು.

ಇದನ್ನು ಓದಿದಾಗ ಕೂಟದಲ್ಲಿ ಎಲ್ಲರೂ ಸುಮ್ನೆ ಕೂತಿದ್ದರು. ಕೋಟಿ, ಡಾಲರ್ ಯಾರ ತಲೆಗೂ ಹತ್ತಲಿಲ್ಲ. ಖಣ (ರವಿಕೆ ಬಟ್ಟೆ) ನೇಯುವ ಕಾಕಾ ಒಬ್ಬರು ನಮ್ಮಲ್ಲಿ ಇದ್ದಾರೆ. ಜೀವಮಾನವೆಲ್ಲ ಮಗ್ಗದ ಮುಂದೆ ಕಳೆದವರು. ಅವರು ಬಾಯಿ ಬಿಟ್ಟರು.

"ಅಕ್ಕೋರ, ನೂಲು ಉದ್ರಿ ತರೋದು ಬ್ಯಾರೆ, ಜ್ವಾಳ ಉದ್ರಿ ತರೋದು ಬ್ಯಾರೆ. ನೂಲಿನ ಸಾಲ ಖಣ ಮಾರಿದ್ರ ತೀರತೈತಿ. ತಿಂದ ಜ್ವಾಳದ ಸಾಲ ಎಲ್ಲಿಂದ ತೀರಸಬೇಕ್ರಿ?"

ಅಲ್ಲಿಂದ ಎಲ್ಲರಿಗೂ ಬಾಯಿ ಬಂತು. ಯಾರ ಮನೆಯಲ್ಲಿ ಯಾವ ಸಾಲ ಹೇಗೆ ಬೆಳೆಯಿತು ಎಂದು ಒಬ್ಬೊಬ್ಬರೇ ಹೇಳಿದರು. ಆವತ್ತು ಬೈಬಲಿನಲ್ಲಿ ನೆಹೆಮೀಯನ ಪುಸ್ತಕದ ಐದನೆಯ ಅಧ್ಯಾಯ ಓದಿದೆವು. ಅಲ್ಲಿನ ಜನ ಹೇಳುವುದೂ ಅದನ್ನೇ. ಧಾನ್ಯಕ್ಕಾಗಿ ಹೊಲ, ಮನೆ ಒತ್ತೆ ಇಟ್ಟಿದ್ದೇವೆ. ಅರಸನ ಕಂದಾಯಕ್ಕೆ ಸಾಲ ತಂದಿದ್ದೇವೆ. ಮಕ್ಕಳು ಜೀತಕ್ಕೆ ಹೋಗುತ್ತಿದ್ದಾರೆ. ನೆಹೆಮೀಯನಿಗೆ ಇದನ್ನು ಕೇಳಿ ಬಹಳ ಸಿಟ್ಟು ಬರುತ್ತದೆ. ದೊಡ್ಡವರನ್ನೆಲ್ಲ ಕೂಡಿಸಿ, ಹೊಲ ವಾಪಸು ಕೊಡಿ, ಬಡ್ಡಿ ಬಿಡಿ ಎನ್ನುತ್ತಾನೆ. ತಾನೂ ಅಧಿಪತಿಯಾಗಿದ್ದ ಹನ್ನೆರಡು ವರ್ಷ ಅಧಿಪತಿಗೆ ಸಲ್ಲಬೇಕಾದ ಊಟದ ಪಾಲನ್ನು ತೆಗೆದುಕೊಳ್ಳಲಿಲ್ಲ. ಮೊದಲ ಅಧ್ಯಾಯದಲ್ಲಿ ಅತ್ತು ಉಪವಾಸ ಮಾಡಿ ಪ್ರಾರ್ಥಿಸಿದವನೇ ಐದನೆಯದರಲ್ಲಿ ಸಿಟ್ಟಾಗಿ ಸಭೆ ಕರೆದವನು. ದೇಶಕ್ಕಾಗಿ ಪ್ರಾರ್ಥಿಸುವವರು ಈ ಎರಡನ್ನೂ ಓದಬೇಕು.

ಕೊನೆಗೆ ಪುಟದಲ್ಲಿ ನಿಂತ ಪ್ರಾರ್ಥನೆ ಹೀಗಿದೆ:

"ಕರ್ತನೇ, ಸಾಲ ಕೊಟ್ಟವರನ್ನೂ ತಂದವರನ್ನೂ ನೀನು ಬಲ್ಲೆ. ತಿಂದು ತೀರಿದ ಅನ್ನದ ಸಾಲ ಇನ್ನೂ ಹುಟ್ಟದ ಮಕ್ಕಳ ತಲೆಯ ಮೇಲೆ ಬೀಳದಿರಲಿ. ಲೆಕ್ಕ ಮುಚ್ಚಿಟ್ಟವರ ಲೆಕ್ಕ ಬೆಳಕಿಗೆ ಬರಲಿ. ಕೊಟ್ಟವರ ಮನಸ್ಸು ಕರಗಲಿ. ಆಳುವವರು ತಮ್ಮ ತಾಟಿನಿಂದಲೇ ಮೊದಲು ಕಡಿಮೆ ಮಾಡಲಿ."

"ತಮ್ಮ ತಾಟಿನಿಂದಲೇ" ಎಂಬುದು ಕಾಕಾ ಸೇರಿಸಿದ್ದು.

ಗೊಬ್ಬರ, ಗ್ಯಾಸು, ಪರೀಕ್ಷೆ

ಗೊಬ್ಬರದ ಪುಟ ಬೇಗ ಆಯಿತು. 2021ರ ಏಪ್ರಿಲ್ ಕೊನೆಗೆ ರಸಗೊಬ್ಬರದ ಆಮದನ್ನೇ ನಿಷೇಧಿಸಿ, ಇಡೀ ದೇಶ ಸಾವಯವಕ್ಕೆ ಬರಬೇಕು ಎಂದರು. ಭತ್ತದ ಇಳುವರಿ ಬಿತ್ತು, ಚಹಾ ಬಿತ್ತು. ನವೆಂಬರಿಗೆ ಆಜ್ಞೆ ಹಿಂದೆ ತೆಗೆದುಕೊಂಡರು, ಅಷ್ಟರಲ್ಲಿ ರೈತ ಕೆಟ್ಟಿದ್ದ. ನಮ್ಮ ಕೂಟದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಇಲ್ಲಿ ಹಬಕ್ಕೂಕನ ಕೊನೆಯ ಅಧ್ಯಾಯ ಇಟ್ಟಿದ್ದೇವೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆಯದಿದ್ದರೂ ನಾನು ಕರ್ತನಲ್ಲಿ ಹರ್ಷಿಸುವೆನು ಎಂಬ ಭಾಗ. ಆದರೆ ಅದನ್ನು ಹಸಿದವರಿಗೆ ನಾವು ಉಪದೇಶ ಮಾಡಬಾರದು. ಅದು ಹಸಿದವನೇ ಹೇಳಬೇಕಾದ ಮಾತು. ಅದಕ್ಕೆ ಆ ಪುಟದಲ್ಲಿ ಓದು ಮಾತ್ರ ಇದೆ, ವಿವರಣೆ ಇಲ್ಲ.

ಅಡುಗೆಮನೆಯ ಪುಟವನ್ನು ಮಹಿಳೆಯರೇ ಬರೆದರು. ದಿನಕ್ಕೆ 13 ತಾಸಿನವರೆಗೆ ಕರೆಂಟ್ ಇಲ್ಲ, ಗ್ಯಾಸ್ ಸಿಲಿಂಡರಿಗೆ ಸಾಲು, ಸೀಮೆಎಣ್ಣೆಗೆ ಸಾಲು. 2022ರ ಮಾರ್ಚಿನಲ್ಲಿ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಕಾಗದ ಇಲ್ಲದ್ದಕ್ಕೆ ಪರೀಕ್ಷೆ ಮುಂದೂಡಿದರು. ನಾನು ಶಾಲೆಯಲ್ಲಿ ಕಲಿಸುವವಳು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ಇಲ್ಲ ಎಂಬ ಸುದ್ದಿ ನನಗೆ ಹೊಟ್ಟೆಗೆ ಚುಚ್ಚಿತ್ತು. ಆ ಮಕ್ಕಳು ಈಗ ಎಲ್ಲಿದ್ದಾರೋ.

ಅಧಿಕಾರಸ್ಥರ ಪುಟ: ಜಗ್ಗಾಟ

ಇಲ್ಲಿ ಒಮ್ಮತ ಬರಲು ಬಹಳ ಕಷ್ಟವಾಯಿತು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ ಅರಸರಿಗಾಗಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಿ ಎನ್ನುತ್ತದೆ. 146ನೆಯ ಕೀರ್ತನೆ ಪ್ರಭುಗಳನ್ನು ನಂಬಬೇಡಿ ಎನ್ನುತ್ತದೆ. ಹಿರಿಯರು ಕೆಲವರು ಮೊದಲನೆಯದು ಸಾಕು ಎಂದರು. ಹುಡುಗರು ಎರಡನೆಯದನ್ನು ಹಿಡಿದರು. 2022ರ ಜುಲೈ 9ರಂದು ಜನ ಅಧ್ಯಕ್ಷರ ಮನೆಗೇ ನುಗ್ಗಿದರಲ್ಲ, ಅದನ್ನು ಏನೆಂದು ಬರೆಯುವುದು? 13ರಂದು ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋದರು. ಅದಕ್ಕೂ ಮೊದಲು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ತಿಂಗಳುಗಟ್ಟಲೆ ಜನ ಕೂತಿದ್ದರು. ಅವರ ಜೊತೆ ಪಾದ್ರಿಗಳಿದ್ದರು, ಸಿಸ್ಟರುಗಳಿದ್ದರು, ಬೌದ್ಧ ಭಿಕ್ಷುಗಳಿದ್ದರು.

ನಮ್ಮ ಅಯ್ಯನವರು (ಸಭೆಯ ಪಾದ್ರಿ) ಎರಡೂ ವಾಕ್ಯಭಾಗಗಳನ್ನು ಎದುರುಬದುರು ಪುಟದಲ್ಲಿ ಇಡಿ ಎಂದರು. ಹಾಗೇ ಇಟ್ಟಿದ್ದೇವೆ. ಅಧ್ಯಕ್ಷರ ಹೆಸರಿನ ಜಾಗ ಖಾಲಿ ಬಿಟ್ಟಿದೆ, ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ನಾವು ಪ್ರಾರ್ಥನೆ ಶುರು ಮಾಡಿದ ಮೇಲೆ ರಾಜಪಕ್ಸ ಹೋಗಿ ರನಿಲ್ ವಿಕ್ರಮಸಿಂಘೆ ಬಂದರು. 2024ರ ಸೆಪ್ಟೆಂಬರಿನಲ್ಲಿ ಅನುರ ಕುಮಾರ ದಿಸಾನಾಯಕೆ ಗೆದ್ದರು. ಹೆಸರು ಯಾವುದೇ ಇರಲಿ, ಕೇಳುವುದು ಒಂದೇ: ಸತ್ಯ ಹೇಳುವ ಧೈರ್ಯ, ಬಡವರ ಮಾತು ಕೇಳುವ ಕಿವಿ, ಕದಿಯದ ಕೈ.

ಈ ನಡುವೆ ಒಬ್ಬರು, "ಬೇರೆ ದೇವರನ್ನ ಪೂಜಿಸಿದ್ದಕ್ಕ ಆ ದೇಶಕ್ಕ ಶಿಕ್ಷೆ ಬಂತು ಅಂತ ಬರೀರಿ" ಎಂದರು. ನಾನು ಒಪ್ಪಲಿಲ್ಲ, ಮುಂದೆಯೂ ಒಪ್ಪುವುದಿಲ್ಲ. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಯೇಸುವೇ ಕೇಳಿದ್ದಾರೆ. ಅಲ್ಲ ಎಂದು ಉತ್ತರವನ್ನೂ ಅವರೇ ಕೊಟ್ಟಿದ್ದಾರೆ. ಗ್ಯಾಸಿಗಾಗಿ ಸಾಲಿನಲ್ಲಿ ನಿಂತ ತಾಯಿಯ ಮೇಲೆ ಪಾಪ ಹೊರಿಸುವ ಪ್ರಾರ್ಥನೆ ನಮ್ಮ ಹೊತ್ತಿಗೆಯಲ್ಲಿ ಇರುವುದಿಲ್ಲ.

ಈಸ್ಟರ್ ಭಾನುವಾರದ ಪುಟ

2019ರ ಏಪ್ರಿಲ್ 21. ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋನಿ ದೇವಾಲಯ, ನೆಗೊಂಬೊ ಹತ್ತಿರ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ದೇವಾಲಯ, ಬಟ್ಟಿಕಲೋವಾದ ಸಿಯೋನ್ ಸಭೆ, ಜೊತೆಗೆ ಹೋಟೆಲುಗಳು. 250ಕ್ಕೂ ಜಾಸ್ತಿ ಜನ ಸತ್ತರು. ದಾಳಿಯ ಮುನ್ಸೂಚನೆ ಇದ್ದರೂ ತಡೆಯಲಿಲ್ಲ ಎಂದು 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಗ ಅಧ್ಯಕ್ಷರಾಗಿದ್ದ ಮೈತ್ರಿಪಾಲ ಸಿರಿಸೇನ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಾಯಿತು.

ಈ ಪುಟದಲ್ಲಿ ಮಾತು ಕಡಿಮೆ. ಸತ್ತವರ ಮನೆಯವರಿಗೆ ನ್ಯಾಯ ಸಿಗಲಿ, ಸೇಡು ಬೇಡ. ದಾಳಿಯ ಮರುತಿಂಗಳು ಏನೂ ಮಾಡದ ಮುಸ್ಲಿಂ ಕುಟುಂಬಗಳ ಮನೆ, ಅಂಗಡಿಗಳನ್ನು ಸುಟ್ಟರು. ಅವರಿಗಾಗಿಯೂ ಇದೇ ಪುಟದಲ್ಲಿ ಪ್ರಾರ್ಥನೆ ಇದೆ. ಬೇರೆ ಪುಟಕ್ಕೆ ಹಾಕೋಣ ಎಂಬ ಸಲಹೆ ಬಂತು, ಇಲ್ಲೇ ಇರಬೇಕು ಎಂದು ಹಟ ಮಾಡಿದೆ.

ಚಹಾ ತೋಟದವರ ಪುಟ ಇನ್ನೂ ಅರ್ಧ ಆಗಿದೆ. ಬ್ರಿಟಿಷರು ತಮಿಳುನಾಡಿನಿಂದ ಕರೆದೊಯ್ದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. 1948ರ ಕಾನೂನು ಅವರಲ್ಲಿ ಬಹುತೇಕರನ್ನು ನಾಗರಿಕರೇ ಅಲ್ಲ ಎಂದಿತು. ದೇಶಕ್ಕೆ ಡಾಲರ್ ತರುವ ಎಲೆ ಕೀಳುವವರು ಸಾಲಾಗಿ ಕಟ್ಟಿದ ಇಕ್ಕಟ್ಟಿನ ಲೈನ್ ಮನೆಯಲ್ಲಿ ಬದುಕುತ್ತಾರೆ. ಇದಕ್ಕೆ ತಕ್ಕ ಮಾತು ಇನ್ನೂ ಸಿಕ್ಕಿಲ್ಲ.

ಅಕ್ಷರ, ಹಾಳೆ, ಹೊದಿಕೆ

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೇನೆ. ಸಂಜೆ ಮನೆಪ್ರಾರ್ಥನೆಯಲ್ಲಿ ಬೆಳಕು ಕಡಿಮೆ, ವಯಸ್ಸಾದವರು ಜಾಸ್ತಿ. ಅದಕ್ಕೆ ಅಕ್ಷರ 16 ಪಾಯಿಂಟ್. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು, ಸಾಲುಗಳ ನಡುವೆ ಜಾಗ ಹೆಚ್ಚಿಸಿದ ಮೇಲೆ ಓದಲು ಸಲೀಸಾಯಿತು. ಎಲ್ಲರೂ ಹೇಳುವ ಉತ್ತರ ದಪ್ಪ ಅಕ್ಷರದಲ್ಲಿದೆ. ಮಡಚುವ ಹೊತ್ತಿಗೆಯಾದ್ದರಿಂದ ಮೊದಲ ಹಾಳೆಯ ಒಂದು ಮಗ್ಗುಲಲ್ಲಿ 16 ಮತ್ತು 1ನೆಯ ಪುಟ, ಇನ್ನೊಂದು ಮಗ್ಗುಲಲ್ಲಿ 2 ಮತ್ತು 15 ಬರಬೇಕು. ನಡುವಿನ 8 ಮತ್ತು 9 ಎದುರುಬದುರು ತೆರೆಯುತ್ತವೆ. ಅಧಿಕಾರಸ್ಥರ ಪುಟಕ್ಕೆ ಆ ಜಾಗವನ್ನೇ ಕೊಟ್ಟಿದ್ದೇವೆ. ಬೆನ್ನಿಗೆ ಅಂಟಿಸಲು ಕಾಕಾ ಖಣದ ತುಂಡು ಕೊಡುತ್ತೇನೆ ಎಂದಿದ್ದಾರೆ.

ಉಳಿದದ್ದು

ಸ್ತೋತ್ರದ ಪುಟ ಬಾಕಿ. ಸ್ತೋತ್ರ ಹೇಳಲು ಕಾರಣಗಳಿವೆ. ಭಾರತ 2022ರಲ್ಲಿ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟಿತು. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 300 ಕೋಟಿ ಡಾಲರಿಗೆ ಒಪ್ಪಿತು. ಸೆಪ್ಟೆಂಬರ್ 2022ರಲ್ಲಿ ಶೇಕಡ 70ರ ಹತ್ತಿರ ಇದ್ದ ಬೆಲೆಯೇರಿಕೆ ಮರುವರ್ಷವೇ ಒಂದಂಕಿಗೆ ಇಳಿಯಿತು. ಆದರೆ ವ್ಯಾಟ್ ಈಗ ಶೇಕಡ 18. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2024ರಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರು ಬಡತನದಲ್ಲಿದ್ದರು, 2019ರದಕ್ಕೆ ದುಪ್ಪಟ್ಟು. 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತ ಬಂದು ನೂರಾರು ಜನರನ್ನು ಕೊಂದಿತು. ಹಾಗಾಗಿ ಸ್ತೋತ್ರವನ್ನೂ ಮೊರೆಯನ್ನೂ ಒಂದೇ ಪುಟದಲ್ಲಿ ಬರೆಯುತ್ತಿದ್ದೇನೆ.

ಚಹಾ ತೋಟದ ಪುಟ, ಸ್ತೋತ್ರದ ಪುಟ ಮುಗಿದ ಮೇಲೆ ಅಯ್ಯನವರಿಗೆ ತೋರಿಸಿ ಝೆರಾಕ್ಸಿಗೆ ಕೊಡುತ್ತೇನೆ. ಒಂದು ಸಹಾಯ ಬೇಕು. ತಮಿಳು ಓದಲು ಬರುವವರು ಬಾಗಲಕೋಟೆ ಕಡೆ ಯಾರಾದರೂ ಇದ್ದರೆ, ಅಲ್ಲಿನ ಊರುಗಳ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದಿದ್ದೇನಾ ಎಂದು ಒಮ್ಮೆ ನೋಡಿಕೊಡಿ. ಪ್ರಾರ್ಥನೆಯಲ್ಲಿ ಅವರ ಊರಿನ ಹೆಸರು ತಪ್ಪಬಾರದು.