ಲೆಟರ್‌ಮನ್ ಮೇಜಿನ ಮೇಲೆ ಬಿಲ್ ಮರ್ರೇ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ ಯೂಟ್ಯೂಬ್‌ನಲ್ಲಿ ಅಮೆರಿಕದ ಟಿವಿ ಟಾಕ್ ಶೋ ನಿರೂಪಕ ಡೇವಿಡ್ ಲೆಟರ್‌ಮನ್ ಅವರ ಹಳೇ ಶೋಗಳ ತುಣುಕು ನೋಡುತ್ತಾ ಕೂತೆ. ಎರಡು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಇಂಥ ಶೋಗಳಲ್ಲಿ ನಟರು ಹರಟೆ ಹೊಡೆಯುವುದು ನಾವು ಅಂದುಕೊಂಡಷ್ಟು ಸಹಜ ಅಲ್ಲ. ಶೋ ತಂಡದವರು ಮೊದಲೇ ಅತಿಥಿಯ ಜೊತೆ ಮಾತಾಡಿ, ಯಾವ ಕಥೆ ಹೇಳ್ತೀರಿ ಅಂತ ಕೇಳಿ, ಅದಕ್ಕೆ ತಕ್ಕ ಪ್ರಶ್ನೆಗಳನ್ನು ಕಾರ್ಡಿನಲ್ಲಿ ಬರೆದುಕೊಟ್ಟಿರುತ್ತಾರೆ. ಹಾಗಾಗಿ ಸಿನಿಮಾ ಪ್ರಚಾರಕ್ಕೆ ಬಂದವರು ಜಾಸ್ತಿ ಬೋರ್ ಹೊಡೆಸುತ್ತಾರೆ, ಅಲ್ವಾ?

ಹಾಲಿವುಡ್ ಹಾಸ್ಯನಟ ಬಿಲ್ ಮರ್ರೇ ಮಾತ್ರ ಹಾಗಲ್ಲ. 1982ರ ಫೆಬ್ರವರಿಯಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ ಲೆಟರ್‌ಮನ್ ತಡರಾತ್ರಿ ಶೋ ಶುರುವಾದಾಗ ಮೊದಲ ಅತಿಥಿ ಇವರೇ. 1993ರಲ್ಲಿ ಲೆಟರ್‌ಮನ್ ಸಿಬಿಎಸ್ ಚಾನೆಲ್‌ಗೆ ಹೋದಾಗಲೂ ಮೊದಲ ಅತಿಥಿ ಇವರೇ, ಅವತ್ತು ಹೊಸ ಮೇಜಿನ ಮೇಲೆ ಸ್ಪ್ರೇ ಪೇಂಟ್‌ನಲ್ಲಿ ಡೇವ್ ಅಂತ ಬರೆದುಬಿಟ್ಟರು! ಯಾರ ಮನೆಗಾದರೂ ಗೃಹಪ್ರವೇಶಕ್ಕೆ ಹೋಗಿ ಗೋಡೆ ಮೇಲೆ ಗೀಚಿದ ಹಾಗೆ. ಆಮೇಲೆ 2015ರ ಮೇ ತಿಂಗಳಲ್ಲಿ, ಕೊನೇ ಶೋಗೆ ಒಂದು ದಿನ ಮುಂಚೆ, ದೊಡ್ಡ ಕೇಕಿನ ಒಳಗಿಂದ ಎದ್ದುಬಂದು, ಮೈತುಂಬಾ ಕ್ರೀಮ್ ಮೆತ್ತಿಕೊಂಡೇ ಲೆಟರ್‌ಮನ್ ಅವರನ್ನು ತಬ್ಬಿಕೊಂಡರು. ಪಾಪ, ಸೂಟು ಹಾಳು.

ನನಗೆ ಇಷ್ಟವಾಗಿದ್ದು ಲೆಟರ್‌ಮನ್ ಮುಖ. ಮೂವತ್ಮೂರು ವರ್ಷ ಆದಮೇಲೂ ಈ ಮನುಷ್ಯ ಮುಂದೆ ಏನು ಮಾಡ್ತಾನೋ ಅನ್ನೋ ಭಯ, ಜೊತೆಗೆ ತಡೆಯಲಾಗದ ನಗು.